ನೀರು ಕಡಿಮೆ ಕುಡಿಯಿರಿ ಎಂದ ನಜ್ರಾನ್ ಪ್ರವಾಸ

ರಿಯಾದಿನ ಮಲಾಜ್ ಬಡಾವಣೆಯಿಂದ ನಮ್ಮ ಬಸ್ಸು ಹೊರಟದ್ದು ಬಕ್ರೀದಿನ ನಂತರದ ರಜೆಯಲ್ಲಿ, ಬೆಳಗಿನ ನಮಾಜು ಮುಗಿಸಿ ಜನ ಮನೆಗೆ ತಿರುಗುತ್ತಿದ್ದ ಹೊತ್ತಿಗೆ. ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಆದರೆ ರಸ್ತೆಯ ಟಾರು ಆಗಲೇ ಬಿಸಿಯಿತ್ತು. ನನ್ನ ಪಕ್ಕದಲ್ಲಿ ಜುಬೈದಾ ಇದ್ದಳು. ಮಂಗಳೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಅವಳು ಮದುವೆಯಾಗಿ ರಿಯಾದಿಗೆ ಬಂದಳು, ನಾನು ಉಡುಪಿಯಲ್ಲಿ ಭೂಗೋಳದ ಮೇಷ್ಟ್ರಮ್ಮನಾದೆ. ನಿವೃತ್ತಿಯಾದ ವರ್ಷವೇ ಅವಳು ಹಟ ಹಿಡಿದು ಕರೆಸಿಕೊಂಡಿದ್ದಳು. ಅವಳ ಗಂಡ ಹಮೀದಾಕನಿಗೆ ಮಲಾಜ್‌ನಲ್ಲಿ ಬಟ್ಟೆ ಅಂಗಡಿ. ರಜೆಯಲ್ಲೇ ವ್ಯಾಪಾರ ಹೆಚ್ಚು. ಹಾಗಾಗಿ ನಾವಿಬ್ಬರೇ ಹೊರಟೆವು.

"ಇಷ್ಟು ವರ್ಷ ಇದ್ದು ನಾನೇ ನಜ್ರಾನ್ ನೋಡ್ಲಿಲ್ಲ ಮಾರಾಯ್ತಿ. ನಿನ್ನ ನೆಪದಲ್ಲಿ ನೋಡುವ" ಎಂದಳು ಜುಬೈದಾ, ಕಿಟಕಿಯ ಪರದೆ ಸರಿಸುತ್ತಾ.

ಪ್ರವಾಸ ಏರ್ಪಡಿಸಿದವನು ಕಿರಣ್ ಎಂಬ ಬೆಂಗಳೂರಿನ ಯುವಕ. ರಿಯಾದಿನಲ್ಲಿ ಯಾವುದೋ ಕಚೇರಿಯಲ್ಲಿ ಕೆಲಸ, ರಜೆಯಲ್ಲಿ ಕನ್ನಡದವರನ್ನು ಸೇರಿಸಿ ಬಸ್ಸು ಮಾಡಿಸುವುದು ಉಪವೃತ್ತಿ. ಮೊಬೈಲಿನಲ್ಲಿ ಅವನದೊಂದು ಚಾನೆಲ್ಲಿದೆ. ಬಿಸಿಲಿನ ದೇಶಗಳಲ್ಲಿ ಸುರಕ್ಷಿತವಾಗಿ ಸುತ್ತುವುದು ಹೇಗೆ ಎಂದು ಅದರಲ್ಲಿ ವಾರಕ್ಕೊಮ್ಮೆ ಉಪದೇಶ ಕೊಡುತ್ತಾನೆ. ಬಸ್ಸು ಹೊರಟ ಕೂಡಲೇ ಮೈಕು ಹಿಡಿದು ನಮಗೂ ಕೊಟ್ಟ. ಪಾಸ್‌ಪೋರ್ಟು, ಇಕಾಮಾ ಎಂಬ ವಾಸದ ಪರವಾನಗಿ ಎಲ್ಲ ಜೊತೆಯಲ್ಲಿರಲಿ, ದಾರಿಯಲ್ಲಿ ಪೊಲೀಸರು ಕೇಳುತ್ತಾರೆ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ, ಹೆಂಗಸರದಂತೂ ಬೇಡವೇ ಬೇಡ. ನಜ್ರಾನ್ ಯೆಮನ್ ಗಡಿಯ ಊರು, ಊರು ಬಿಟ್ಟು ಗಡಿಯ ಕಡೆ ಹೋಗಬೇಡಿ. ಎಲ್ಲವೂ ಸರಿಯಾದ ಮಾತುಗಳೇ. ಕೊನೆಗೆ ನಗುತ್ತಾ ಒಂದು ಸೇರಿಸಿದ:

"ಲೇಡೀಸ್‌ಗೆ ಒಂದು ರಿಕ್ವೆಸ್ಟ್. ದಾರೀಲಿ ಟಾಯ್ಲೆಟ್ ಎಲ್ಲ ಅಷ್ಟು ಚೆನ್ನಾಗಿರಲ್ಲ. ಸ್ವಲ್ಪ ನೀರು ಕಡಿಮೆ ಕುಡೀರಿ. ಆಗ ಬಸ್ಸು ಪದೇಪದೇ ನಿಲ್ಲಿಸೋ ತಾಪತ್ರಯ ಇರಲ್ಲ."

ಬಸ್ಸಿನಲ್ಲಿ ಒಂದಷ್ಟು ಜನ ನಕ್ಕರು. ಹೆಂಗಸರೂ ನಕ್ಕರು. ಈ ಮಾತನ್ನು ನಾವು ಹುಟ್ಟಿದಲ್ಲಿಂದ ಕೇಳಿದವರೇ ತಾನೆ? ಮದುವೆಯ ದಿಬ್ಬಣಕ್ಕೆ ಹೊರಟಾಗ, ಶಾಲೆಯ ಪ್ರವಾಸಕ್ಕೆ ಹೊರಟಾಗ, ಚುನಾವಣೆಯ ಕೆಲಸಕ್ಕೆ ಯಾವುದೋ ಹಳ್ಳಿಗೆ ಹೋದಾಗ. ಜುಬೈದಾ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿ ಚೀಲಕ್ಕೆ ಹಾಕಿದಳು.

ಖರ್ಜ್ ದಾಟಿ ಬಸ್ಸು ದಕ್ಷಿಣಕ್ಕೆ ಓಡಿತು. ಬಲಕ್ಕೆ ತುವೈಕ್ ಬೆಟ್ಟಗಳ ಸಾಲು ಗೋಡೆ ಕಟ್ಟಿದಂತೆ ಜೊತೆಗೇ ಬರುತ್ತಿತ್ತು. ಅಫ್ಲಾಜ್ ಮುಟ್ಟುವ ಮೊದಲೇ ನಾವು ಕರ್ಕಾಟಕ ವೃತ್ತ ದಾಟಿ ಉಷ್ಣವಲಯದೊಳಗೆ ಬಂದಿದ್ದೆವು. ನಜ್ರಾನ್ ಇರುವುದು ಹೆಚ್ಚುಕಡಿಮೆ ನಮ್ಮ ಕಲಬುರಗಿಯ ಅಕ್ಷಾಂಶದಲ್ಲಿ. ಆದರೆ ಈ ಬಿಸಿಲು ನಮ್ಮ ಕರಾವಳಿಯವರಿಗೆ ಗೊತ್ತಿರುವ ಬಿಸಿಲಲ್ಲ. ನಮ್ಮಲ್ಲಿ ಬೆವರು ಕಿತ್ತು ಬರುತ್ತದೆ, ಸೀರೆ ಬೆನ್ನಿಗಂಟುತ್ತದೆ, ದೇಹ ತಾನಾಗಿ ನೀರು ಕೇಳುತ್ತದೆ. ಇಲ್ಲಿಯ ಒಣಗಾಳಿ ಬೆವರನ್ನು ಹುಟ್ಟಿದಲ್ಲೇ ಕುಡಿದುಬಿಡುತ್ತದೆ. ಮೈ ಒದ್ದೆಯಾಗುವುದೇ ಇಲ್ಲ, ಹಾಗಾಗಿ ಏನೂ ಆಗಿಲ್ಲವೆಂದೇ ತೋರುತ್ತದೆ. ಹೋಗುವವರು ಇದನ್ನು ನೆನಪಿಡಬೇಕು. ಬಾಯಾರಿಕೆಯನ್ನು ಕಾಯಬಾರದು. ಗಂಟೆ ಗಂಟೆಗೂ ಕುಡಿಯಬೇಕು, ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯಬೇಕು. ಪೆಟ್ರೋಲ್ ಬಂಕಿನ ಅಂಗಡಿಗಳಲ್ಲೆಲ್ಲ ಲಬನ್ ಎಂಬ ಮಜ್ಜಿಗೆ ತಣ್ಣಗೆ ಸಿಗುತ್ತದೆ.

ಸಿಗುತ್ತದೆ, ಬಸ್ಸು ನಿಂತರೆ. ನಮ್ಮ ಬಸ್ಸು ಅಫ್ಲಾಜಿನಲ್ಲಿ ಡೀಸೆಲ್ಲಿಗೆಂದು ನಿಂತಿತು. ಹೆಂಗಸರ ಶೌಚಾಲಯಕ್ಕೆ ಬೀಗ. ಬೀಗದ ಕೈ ಯಾರ ಬಳಿ ಎಂದು ಹುಡುಕುವಷ್ಟರಲ್ಲಿ ಕಿರಣ್ ಕೈ ತಟ್ಟಿದ: "ಯಲ್ಲಾ, ಯಲ್ಲಾ! ಲೇಟಾಗ್ತಿದೆ." ಮತ್ತೆ ಹತ್ತಿ ಕೂತೆವು. ಆಮೇಲೆ ಬಟಾಬಯಲಿನಲ್ಲಿ ಒಬ್ಬ ಗಂಡಸು ಕೈಯೆತ್ತಿ ಕಿರುಬೆರಳು ತೋರಿಸಿದ್ದೇ ಬಸ್ಸು ನಿಂತಿತು. ಏಳೆಂಟು ಜನ ಗಂಡಸರು ಇಳಿದು, ಮರಳಿಗೆ ಮುಖ ಮಾಡಿ ನಿಂತು, ಹಗುರಾಗಿ ಹತ್ತಿಬಂದರು. ಅದಕ್ಕೆ ತಡವಾಗಲಿಲ್ಲ.

ನಮ್ಮ ಹಿಂದಿನ ಸೀಟಿನಲ್ಲಿ ಗದಗದ ಗಿರಿಜಮ್ಮ ಇದ್ದರು. ರಾಸ್ ತನೂರಾದಲ್ಲಿ ಇಂಜಿನಿಯರಾಗಿರುವ ಅಳಿಯನ ಮನೆಗೆ ಮಗಳ ಬಾಣಂತನಕ್ಕೆಂದು ಬಂದವರು. ಬಾಣಂತನ ಮುಗಿದಿತ್ತು, ಊರಿಗೆ ಮರಳುವ ಮುಂಚೆ ಒಂದು ಊರಾದರೂ ನೋಡಲೆಂದು ಮಗಳೇ ಈ ಬಸ್ಸಿಗೆ ಕಳಿಸಿದ್ದಳು. ಇಡೀ ದಿನ ಅವರು ಆಡಿದ್ದು ನಾಲ್ಕು ಮಾತು. ನಾನು ಕಿತ್ತಳೆ ಕೊಡಹೋದಾಗ, "ಬ್ಯಾಡ್ರಿ ಬಾಯಿ, ರಸ ಭಾಳ ಇರತೈತಿ" ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಆಗ ನನಗೆ ಅದರ ಅರ್ಥ ತಲೆಗೆ ಹೋಗಲಿಲ್ಲ.

ಆ ರಾತ್ರಿ ವಾದಿ ದವಾಸಿರ್ ಎಂಬ ಊರಿನಲ್ಲಿ ತಂಗಿದೆವು. ರಿಯಾದಿನಿಂದ ಅಲ್ಲಿಗೆ ಆರುನೂರು ಕಿಲೋಮೀಟರಿನ ಆಸುಪಾಸು. ಊಟಕ್ಕೆ ಕುರಿಮಾಂಸದ ಕಬ್ಸಾ ಅನ್ನ, ನನ್ನಂಥ ಸಸ್ಯಾಹಾರಿಗಳಿಗೆ ಬೇಳೆ ಮತ್ತು ದೊಡ್ಡ ತಂದೂರಿ ರೊಟ್ಟಿ. ಕೋಣೆ ಚೊಕ್ಕಟವಾಗಿತ್ತು. ಬೆಳಿಗ್ಗೆ ಬೇಗ ಹೊರಟು, ಬಿಸಿಲೇರುವ ಮೊದಲು ಬೀರ್ ಹೀಮಾದ ಬಂಡೆಚಿತ್ರ ನೋಡಿ, ಮಧ್ಯಾಹ್ನದ ಹೊತ್ತಿಗೆ ನಜ್ರಾನ್ ಸೇರುವುದೆಂದು ಮಾತಾಗಿತ್ತು. ನಾವೆಲ್ಲ ಚೀಲ ಸಮೇತ ಬಾಗಿಲಲ್ಲಿ ನಿಂತದ್ದೇ ಬಂತು. ಕಿರಣ್ ಹೋಟೆಲಿನ ಹಿಂದಿನ ಮರಳುದಿಬ್ಬದ ಮೇಲೆ ತನ್ನ ವೀಡಿಯೋ ಮಾಡಿಕೊಳ್ಳುತ್ತಿದ್ದ. ಗಾಳಿಗೆ ಕೂದಲು ಕೆದರಿತೆಂದು ಮತ್ತೆ ಮಾಡಿದ, ಮತ್ತೂ ಮಾಡಿದ. ಹೊರಡುವಾಗ ಬಿಸಿಲು ಚೆನ್ನಾಗಿ ಏರಿತ್ತು.

ಹಾಗಾಗಿ ಬೀರ್ ಹೀಮಾ ತಲುಪಿದ್ದು ನಡುಮಧ್ಯಾಹ್ನ. ನಜ್ರಾನಿಗೆ ನೂರು ಚಿಲ್ಲರೆ ಕಿಲೋಮೀಟರ್ ಮುಂಚೆ ಸಿಗುವ ಜಾಗ ಅದು. ಒಂದು ಕಾಲಕ್ಕೆ ಒಂಟೆಗಳ ಸಾಲು ಸಾಲು ಈ ದಾರಿಯಲ್ಲೇ ನಡೆದು, ಇಲ್ಲಿಯ ಬಾವಿಗಳ ಹತ್ತಿರ ತಂಗುತ್ತಿದ್ದವು. ತಂಗಿದವರು ಸುಮ್ಮನೆ ಕೂರದೆ ಬಂಡೆಗಳ ಮೇಲೆ ಕೊರೆದಿದ್ದಾರೆ: ಒಂಟೆ, ಆಕಳು, ಉಷ್ಟ್ರಪಕ್ಷಿ, ಭರ್ಚಿ ಹಿಡಿದ ಬೇಟೆಗಾರ, ಕೂದಲು ಬಿಚ್ಚಿ ಕೈಯೆತ್ತಿ ನಿಂತ ಹೆಂಗಸು. ನೋಡಲೇಬೇಕಾದ ಸ್ಥಳ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊತ್ತಿನಲ್ಲಲ್ಲ. ಬಂಡೆಯ ಹತ್ತಿರ ಹೋದರೆ ಕಾದ ಕಾವಲಿಯ ಎದುರು ಮುಖವಿಟ್ಟಂತಾಗುತ್ತಿತ್ತು.

ಜುಬೈದಾ ಆ ಹೆಂಗಸಿನ ಚಿತ್ರದ ಮುಂದೆ ನಿಂತಿದ್ದಳು. ನಾನು ಸ್ವಲ್ಪ ಮುಂದೆ ಹೋಗಿ ತಿರುಗಿ ಕರೆದೆ. ಅವಳು ನನ್ನನ್ನು ನೋಡಿದಳು, ಆದರೆ ಆ ನೋಟದಲ್ಲಿ ಗುರುತಿರಲಿಲ್ಲ.

"ಜುಬೈದಾ, ಎಂತಾಯ್ತು?"

"ನೀವು ಯಾರು?" ಎಂದಳು. ಆಮೇಲೆ ಬ್ಯಾರಿ ಭಾಷೆಯಲ್ಲಿ ಏನೇನೋ ಹೇಳತೊಡಗಿದಳು. ನನಗೆ ತಿಳಿದದ್ದು 'ಉಮ್ಮ' ಎಂಬ ಒಂದು ಶಬ್ದ. ಉಮ್ಮ ಎಂದರೆ ಅಮ್ಮ, ಅವರು ತೀರಿಕೊಂಡು ಬಹಳ ವರ್ಷವಾಗಿದೆ. ನಾನು ಓಡಿಹೋಗಿ ಹಿಡಿಯುವಷ್ಟರಲ್ಲಿ ಮೊಣಕಾಲು ಮಡಚಿ ಕುಸಿದಳು. ಅವಳ ಕೈ ಮುಟ್ಟಿದವಳು ಬೆಚ್ಚಿಬಿದ್ದೆ. ಕೆಂಡದಂತೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ.

ಡ್ರೈವರ್ ಗುಲ್ ಖಾನ್, ಪೇಶಾವರದವನು, ನನ್ನ ಜೊತೆ ಅವಳನ್ನು ಎತ್ತಿ ಬಸ್ಸಿನ ನೆರಳಿಗೆ ತಂದ. ಕಿರಣ್ ಬಂದು ಬಗ್ಗಿ ನೋಡಿ, "ಆಂಟಿಗೆ ಸ್ವಲ್ಪ ಸುಸ್ತು ಅಷ್ಟೇ ಮೇಡಂ. ಎಸಿ ಹಾಕಿ ಮಲಗಿಸೋಣ, ಒಂದು ಗ್ಲೂಕೋಸ್ ಬಿಸ್ಕತ್ ಕೊಡಿ" ಎಂದ.

"ನೀರು ಎಲ್ಲಿ?" ಎಂದೆ.

ನನ್ನ ಬಾಟಲಿ ಖಾಲಿಯಾಗಿತ್ತು. ಜುಬೈದಾಳ ಚೀಲದಲ್ಲಿದ್ದ ಬಾಟಲಿಯನ್ನು ತೆಗೆದರೆ ನಿನ್ನೆ ಮುಚ್ಚಳ ಬಿಗಿಮಾಡಿದಷ್ಟೇ ನೀರು ಅದರಲ್ಲಿತ್ತು. ಉಳಿದ ಹೆಂಗಸರ ಬಳಿ ಗುಟುಕು ಗುಟುಕು. ಕಿರಣ್ ತಲೆ ಕೆರೆದುಕೊಂಡ. ಗುಲ್ ಖಾನ್ ಬಸ್ಸಿನ ಹೊಟ್ಟೆಯ ಬಾಗಿಲು ಎತ್ತಿದ. ಸೂಟ್‌ಕೇಸುಗಳ ಹಿಂದೆ ನೀರಿನ ಬಾಟಲಿಗಳ ಪೆಟ್ಟಿಗೆಗಳು, ಒಂದರ ಮೇಲೊಂದು, ಪ್ಲಾಸ್ಟಿಕ್ ಕೂಡ ಹರಿಯದೆ ಕೂತಿದ್ದವು.

"ಅದು... ನಜ್ರಾನ್‌ನಲ್ಲಿ ಹಂಚೋಣ ಅಂತ ಇಟ್ಟಿದ್ದೆ" ಎಂದ ಕಿರಣ್.

ಎರಡು ದಿನ ನಾವು ಆ ನೀರಿನ ಮೇಲೆಯೇ ಕೂತು ಬಾಯಿ ಒಣಗಿಸಿಕೊಂಡು ಬಂದಿದ್ದೆವು.

ಹೆಂಗಸರೆಲ್ಲ ತಮ್ಮ ದುಪಟ್ಟಾ, ಸೆರಗು ಹಿಡಿದು ಸುತ್ತ ಮರೆ ಕಟ್ಟಿದರು. ಗಿರಿಜಮ್ಮ ಹೇಳಿಸಿಕೊಳ್ಳದೆ ನೆಲಕ್ಕೆ ಕೂತು ಜುಬೈದಾಳ ಅಬಾಯಾದ ಗುಂಡಿ ಬಿಚ್ಚಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾವು ಬಾಟಲಿಯ ಮೇಲೆ ಬಾಟಲಿ ಅವಳ ಮೈಗೆ ಸುರಿದೆವು, ರಟ್ಟು ಹರಿದು ಗಾಳಿ ಹಾಕಿದೆವು. ಆದರೆ ಆ ನೀರೂ ಬಿಸಿಯಾಗಿತ್ತು. ಕಿರಣನ ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಅವನು ಫೋನು ಎತ್ತಿಹಿಡಿದುಕೊಂಡು ಆಚೆ ಈಚೆ ನಡೆದಾಡುತ್ತಿದ್ದ.

ಆಗ ಒಂದು ಬಿಳಿ ಜೀಪು ರಸ್ತೆಯಿಂದ ಇಳಿದು ಧೂಳೆಬ್ಬಿಸಿಕೊಂಡು ನಮ್ಮ ಹತ್ತಿರ ಬಂತು. ಗುಲ್ ಖಾನ್ ರಸ್ತೆಗೆ ಓಡಿ, ಅಡ್ಡ ನಿಂತು ತಡೆದಿದ್ದನಂತೆ. ಓಡಿಸುತ್ತಿದ್ದವಳು ಒಬ್ಬ ಹೆಂಗಸು, ಕಣ್ಣು ಮಾತ್ರ ಕಾಣುವ ಮುಸುಕು, ಪಕ್ಕದಲ್ಲಿ ಅವಳ ವಯಸ್ಸಾದ ಅಪ್ಪ. ತಮ್ಮ ಒಂಟೆಗಳನ್ನು ನೋಡಿ ನಜ್ರಾನಿಗೆ ಮರಳುತ್ತಿದ್ದರು. ಹೆಸರು ನೂರಾ ಎಂದು ಆಮೇಲೆ ತಿಳಿಯಿತು. ಅವಳು ಇಳಿದವಳೇ ಜುಬೈದಾಳ ಕತ್ತು ಮುಟ್ಟಿ ನೋಡಿ, ಜೀಪಿನ ಹಿಂದಿನಿಂದ ಮಂಜುಗಡ್ಡೆಯ ಪೆಟ್ಟಿಗೆ ಎಳೆದು ತಂದಳು. ಗಡ್ಡೆಗಳನ್ನು ಬಟ್ಟೆಯಲ್ಲಿ ಸುತ್ತಿ ಕತ್ತಿಗೆ, ಕಂಕುಳಿಗೆ, ತೊಡೆಸಂದಿಗೆ ಇಟ್ಟೆವು. ಇಡುತ್ತಾ ಅವಳು ಸುತ್ತಲಿದ್ದ ನಮ್ಮನ್ನೆಲ್ಲ ನೋಡಿ ಬೈಯುವ ಧ್ವನಿಯಲ್ಲಿ ಕೇಳಿದಳು:

"ಲೇಶ್? ಲೇಶ್ ಮಾ ಫೀ ಮೋಯಾ?"

ಯಾಕೆ, ನೀರು ಯಾಕಿಲ್ಲ ಎಂದು. ಗುಲ್ ಖಾನ್‌ಗೆ ಅರಬ್ಬಿ ಬರುತ್ತಿತ್ತು. ಅವನು ಬಸ್ಸಿನ ಹೊಟ್ಟೆಯನ್ನೂ ಕಿರಣನನ್ನೂ ತೋರಿಸಿ ಎರಡೇ ಮಾತಿನಲ್ಲಿ ಹೇಳಿದ. ನೂರಾ ಕಿರಣನ ಕಡೆ ತಿರುಗಿ ನೋಡಿದಳು. ಅವನು ಕಣ್ಣು ತಗ್ಗಿಸಿದ.

ಜುಬೈದಾಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಾನು ಹೊರಟೆ. ದಾರಿಯುದ್ದಕ್ಕೂ ಮಂಜುಗಡ್ಡೆ ಕರಗಿ ಕರಗಿ ನನ್ನ ಮಡಿಲು ತೊಯ್ಯುತ್ತಿತ್ತು. ಮುದುಕ ಮುಂದಿನ ಸೀಟಿನಿಂದ ಆಗಾಗ ತಿರುಗಿ ನೋಡಿ ಮೆಲ್ಲಗೆ ಏನೋ ಪ್ರಾರ್ಥಿಸುತ್ತಿದ್ದರು. ನಾನು ಅವಳ ಹೆಸರು ಕರೆಯುತ್ತಲೇ ಇದ್ದೆ. ಕಾಲೇಜಿನಲ್ಲಿ ಅವಳಿಗಿಟ್ಟಿದ್ದ ಅಡ್ಡಹೆಸರನ್ನೂ ಕರೆದೆ. ಅವಳು ಕಣ್ಣು ತೆರೆಯಲಿಲ್ಲ.

ನಜ್ರಾನಿನ ಆಸ್ಪತ್ರೆಯಲ್ಲಿ ಸುಡಾನಿನ ಡಾಕ್ಟರೊಬ್ಬರು ನೋಡಿದರು. ಶಾಖಾಘಾತ. ಅವಳು ರಕ್ತದೊತ್ತಡದ ಮಾತ್ರೆ ನುಂಗುವವಳು, ಅದು ದೇಹದ ನೀರನ್ನು ಇನ್ನಷ್ಟು ಹೊರಹಾಕುತ್ತದೆ. ಮೂತ್ರಪಿಂಡಕ್ಕೂ ಪೆಟ್ಟಾಗಿರಬಹುದು, ನಾಳೆಯವರೆಗೆ ಏನೂ ಹೇಳಲಾಗದು ಎಂದರು. "ಇವರು ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ?" ಎಂದು ಕೇಳಿದರು. ನನಗೆ ಗೊತ್ತಿತ್ತು. ವಾದಿ ದವಾಸಿರ್ ಬಿಟ್ಟಮೇಲೆ ಹೋಗಿರಲಿಲ್ಲ. ಹೇಳುವಾಗ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಮೈಗೆ ನೀರು ಸುರಿದದ್ದು, ಮಂಜುಗಡ್ಡೆ ಇಟ್ಟದ್ದು ಸರಿ, ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹೊಯ್ಯದೆ ಒಳ್ಳೆಯದು ಮಾಡಿದಿರಿ ಎಂದೂ ಅವರು ಹೇಳಿದರು. ಹೋಗುವವರು ಇದನ್ನೂ ನೆನಪಿಡಬೇಕು. ಬೆವರು ನಿಂತು, ಮೈ ಸುಡುತ್ತಾ, ಮಾತು ತೊದಲಿದರೆ ಅದು ಸುಸ್ತಲ್ಲ. ಬಿಸ್ಕತ್ತು ಹುಡುಕಬಾರದು, ಮೈ ತಣಿಸಬೇಕು, ಆಸ್ಪತ್ರೆಗೆ ಓಡಬೇಕು.

ಸಂಜೆ ಕಿರಣ್ ಆಸ್ಪತ್ರೆಗೆ ಬಂದ, ಕೈಯಲ್ಲಿ ಹಣ್ಣಿನ ಚೀಲ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಬಿಪಿ ಇರೋರು ಇಂಥ ಟ್ರಿಪ್‌ಗೆ ಬರಬಾರದಿತ್ತು. ನಾನು ಮೊದಲೇ ಹೇಳಬೇಕಿತ್ತು."

"ನೀವು ಮೊದಲೇ ಹೇಳಿದ್ದೀರಿ" ಎಂದೆ. "ನೀರು ಕುಡಿಯಬೇಡಿ ಅಂತ."

"ಕುಡಿಯಬೇಡಿ ಅನ್ನಲಿಲ್ಲ ಮೇಡಂ, ಕಡಿಮೆ ಕುಡೀರಿ ಅಂದೆ. ಅದು ನಿಮ್ಮ ಅನುಕೂಲಕ್ಕೇ."

ನನ್ನ ಧ್ವನಿ ಆ ಕಾರಿಡಾರಿನಲ್ಲಿ ಎಷ್ಟು ದೂರ ಕೇಳಿತೋ ಗೊತ್ತಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಕೂಗಿದ ಗಂಟಲು ಅದು. ಬಸ್ಸು ನಿಲ್ಲಿಸುವುದು ನಿನಗೆ ತಾಪತ್ರಯ, ಅದನ್ನು ನಮ್ಮ ಅನುಕೂಲ ಎಂದು ಮಾರಬೇಡ ಎಂದೆ. ಗಂಡಸರಿಗೆ ಇಡೀ ಮರುಭೂಮಿ ಶೌಚಾಲಯ, ನಮಗೆ ಒಂದು ಬೀಗದ ಕೈ ಹುಡುಕುವಷ್ಟು ಹೊತ್ತಿಲ್ಲ ಎಂದೆ. ಒಬ್ಬಳು ನರ್ಸ್ ಬಂದು ಮೆಲ್ಲಗೆ ನನ್ನ ಭುಜ ಹಿಡಿದಳು. ಕಿರಣ್ ಹಣ್ಣಿನ ಚೀಲವನ್ನು ಕುರ್ಚಿಯ ಮೇಲಿಟ್ಟು ಹೋದ.

ಆ ರಾತ್ರಿಯೇ ವಿಮಾನ ಹಿಡಿದು ಹಮೀದಾಕ ಬಂದರು. ಮರುದಿನ ಬೆಳಿಗ್ಗೆ ಜುಬೈದಾ ಕಣ್ಣು ತೆರೆದು, ಮೊದಲು ಗಂಡನನ್ನು, ಆಮೇಲೆ ನನ್ನನ್ನು ನೋಡಿದಳು.

"ಎಂತ ಮಾರಾಯ್ತಿ, ನಿನ್ನ ಮುಖ ಯಾಕೆ ಹಾಗುಂಟು?" ಎಂದಳು. ನಾನು ಹೊರಗೆ ಹೋಗಿ ಅತ್ತು ಬಂದೆ.

ನಜ್ರಾನ್ ನಾನು ಹೆಚ್ಚು ನೋಡಲಿಲ್ಲ. ಆಸ್ಪತ್ರೆಯಿಂದ ಹೋಟೆಲಿಗೆ ನಡೆಯುವಾಗ ಕಂಡ ಖರ್ಜೂರದ ತೋಟ, ಕಿಟಕಿಯ ಸುತ್ತ ಬಿಳಿ ಸುಣ್ಣದ ಅಂಚು ಬಳಿದ ಎತ್ತರದ ಮಣ್ಣಿನ ಮನೆಗಳು, ಅಷ್ಟೇ. ನೂರಾ ಎರಡು ಸಲ ಬಂದು ನೋಡಿ ಹೋದಳು. ಎರಡನೆಯ ಸಲ ನನಗಾಗಿ ಬಿಸಿ ಗೋಧಿರೊಟ್ಟಿಯ ಮೇಲೆ ಜೇನು, ತುಪ್ಪ ಸುರಿದು ತಂದಿದ್ದಳು. ನಮ್ಮಿಬ್ಬರ ನಡುವೆ ಭಾಷೆಯಿರಲಿಲ್ಲ. ನಾನು ತಿನ್ನುವುದನ್ನು ನೋಡುತ್ತಾ ಪಕ್ಕದಲ್ಲಿ ಕೂತಿದ್ದಳು.

ಹೋಟೆಲಿನಲ್ಲಿ ಗಿರಿಜಮ್ಮ ನನ್ನ ಕೋಣೆಯ ಬಾಗಿಲು ತಟ್ಟಿದರು. ಒಳಗೆ ಬಂದು, ಮಂಚದ ಅಂಚಿನಲ್ಲಿ ಕೂತು, ಬಹಳ ಹೊತ್ತು ಸೆರಗಿನ ತುದಿ ತಿರುವುತ್ತಿದ್ದರು.

"ಬಾಯಿ, ನನಗೂ ನಿನ್ನೆಯಿಂದ ಉರಿ ಹತ್ತೈತ್ರಿ. ಹೋಗಾಕ ಕುಂತ್ರ ಜೀವಾ ಹೋಗತೈತಿ. ಯಾರ ಮುಂದ ಹೇಳಬೇಕು?"

ಅವರನ್ನೂ ಅದೇ ಆಸ್ಪತ್ರೆಗೆ ಕರೆದೊಯ್ದು ಔಷಧಿ ಕೊಡಿಸಿದೆ. ಅದು ತಿಳಿದು ಇನ್ನಿಬ್ಬರು ಬಂದರು. ಅವರದೂ ಅದೇ ಕಥೆ. ಹಾಗಾದರೆ ಆ ಬಸ್ಸಿನಲ್ಲಿ ನಗುನಗುತ್ತಾ ಕೂತಿದ್ದ ಹೆಂಗಸರಲ್ಲಿ ಎಷ್ಟು ಜನ ಹಲ್ಲು ಕಚ್ಚಿಕೊಂಡು ಕೂತಿದ್ದರು? ಅಷ್ಟರಲ್ಲಿ ಕಿರಣನ ಚಾನೆಲ್ಲಿನಲ್ಲಿ ಹೊಸ ವೀಡಿಯೋ ಬಂದಿತ್ತು. ಹೀಮಾದ ಬಂಡೆಯ ಮುಂದೆ ನಿಂತು, ಗುಂಪಿನ ಒಬ್ಬ ಹಿರಿಯರಿಗೆ ಸ್ವಲ್ಪ ಸುಸ್ತಾಯಿತು, ನಮ್ಮ ತಂಡ ಕೂಡಲೇ ಉಪಚರಿಸಿತು, ಬಿಸಿಲಿನಲ್ಲಿ ಸಾಕಷ್ಟು ನೀರು ಕುಡಿಯಿರಿ ಎಂದು ಹೇಳುತ್ತಿದ್ದ. ನಾನು ಅದರ ಕೆಳಗೆ ನಡೆದದ್ದನ್ನು ನಡೆದಂತೆ ಬರೆದೆ. ಸ್ವಲ್ಪ ಹೊತ್ತಿಗೆ ಅದು ಅಳಿಸಿಹೋಗಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಸ್ಸು ಹೊರಡುವ ಬೆಳಿಗ್ಗೆ ಜುಬೈದಾ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು. ಮೂತ್ರಪಿಂಡ ಸುಧಾರಿಸುತ್ತಿದೆ, ಇನ್ನು ಭಯವಿಲ್ಲ ಎಂದಿದ್ದರು ಡಾಕ್ಟರು. ಹಮೀದಾಕ ನನಗೂ ವಿಮಾನದ ಟಿಕೆಟು ನೋಡುತ್ತಿದ್ದರು. ಜುಬೈದಾ ತಡೆದಳು.

"ಬೇಡ. ನೀನು ಬಸ್ಸಿನಲ್ಲೇ ಹೋಗು ವಿಜಯ. ಆ ಹೆಂಗಸರನ್ನು ಅವನೊಟ್ಟಿಗೆ ಬಿಟ್ಟು ಬರ್ಬೇಡ."

ನಾನು ಹೋಗಿ ಗುಲ್ ಖಾನ್‌ನ ಹಿಂದಿನ ಮೊದಲ ಸೀಟಿನಲ್ಲಿ ಕೂತೆ, ಅದು ಕಿರಣನ ಜಾಗ. ನೀರಿನ ಪೆಟ್ಟಿಗೆಗಳನ್ನು ಒಳಗೆ ತರಿಸಿ ನಡುದಾರಿಯಲ್ಲೇ ಇಡಿಸಿದೆ. ಮೈಕು ತೆಗೆದುಕೊಂಡು, "ಎಲ್ಲರೂ ಹೊಟ್ಟೆ ತುಂಬ ನೀರು ಕುಡಿಯಿರಿ. ಕಂಡ ಕಂಡ ಬಂಕಿನಲ್ಲೆಲ್ಲ ಬಸ್ಸು ನಿಲ್ಲುತ್ತದೆ" ಎಂದೆ. ಯಾರೂ ನಗಲಿಲ್ಲ. ಕಿರಣ್ ಹಿಂದಿನ ಸೀಟಿಗೆ ಹೋಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ.

ನಿಂತೆವು. ಎಲ್ಲೆಲ್ಲ ಬಂಕು ಕಂಡಿತೋ ಅಲ್ಲೆಲ್ಲ ನಿಂತೆವು. ಬೀಗ ಹಾಕಿದ್ದ ಕಡೆ ನಾನು ಅಂಗಡಿಯವನ ಮುಂದೆ ಹೋಗಿ ನಿಂತು ಬೀಗದ ಕೈ ಕೇಳಿದೆ. ಕೊಳಕಾಗಿದ್ದ ಕಡೆ ಬಕೆಟು ಕೇಳಿದೆ. ಎಲ್ಲಿಯೂ ಯಾರೂ ಇಲ್ಲವೆನ್ನಲಿಲ್ಲ. ಕೇಳಿದರೆ ಸಿಗುವಂಥದ್ದೇ ಎಲ್ಲವೂ, ಅದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಗಂಡಸರಲ್ಲಿ ಒಬ್ಬಿಬ್ಬರು ಗೊಣಗಿದರು. ಒಬ್ಬರು ಮಾತ್ರ, ಮೈಸೂರಿನವರು, ಪ್ರತಿ ಸಲವೂ ಇಳಿದು ಲಬನ್ ತಂದು ಬಸ್ಸಿನಲ್ಲೆಲ್ಲ ಹಂಚಿದರು.

ದಾರಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಖರ್ಜ್ ಹತ್ತಿರವಾಗುವಾಗ ಸೂರ್ಯ ಇಳಿದಿದ್ದ. ದೂರದ ಮಬ್ಬಿನಲ್ಲಿ ಬಂಕಿನ ದೀಪಗಳು ಕಂಡವು. ಹಿಂದಿನ ಸೀಟಿನಿಂದ ಕಿರಣ್ ಎದ್ದು ಬಂದ.

"ಇನ್ನೊಂದೇ ಗಂಟೆ, ರಿಯಾದ್ ಬಂತು. ಇನ್ನು ಎಲ್ಲೂ ನಿಲ್ಲಿಸೋದು ಬೇಡ. ಎಲ್ಲರಿಗೂ ಓಕೆ ತಾನೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದೆ ಯಾರೋ ಎದ್ದುನಿಂತ ಸದ್ದಾಯಿತು.

"ನನಗ ಹೋಗಬೇಕು" ಎಂದರು ಗಿರಿಜಮ್ಮ, ಇಡೀ ಬಸ್ಸಿಗೆ ಕೇಳುವಂತೆ. "ನಿಲ್ಲಸಪಾ ಗಾಡಿ."

ಕಿರಣ್ ಏನೋ ಹೇಳಹೋದ. ಗುಲ್ ಖಾನ್ ಆಗಲೇ ಬಲಕ್ಕೆ ದೀಪ ಹಾಕಿಯಾಗಿತ್ತು.

ಬಸ್ಸು ನಿಂತಿತು. ಗಿರಿಜಮ್ಮ ಮೆಟ್ಟಿಲಿನ ಕಂಬಿ ಹಿಡಿದು ನಿಧಾನವಾಗಿ, ಒಂದಿಷ್ಟೂ ಅವಸರವಿಲ್ಲದೆ ಇಳಿದರು. ನನಗೆ ಹೋಗಬೇಕೆಂದೇನೂ ಇರಲಿಲ್ಲ. ಆದರೂ ಎದ್ದು ಅವರ ಹಿಂದೆ ಇಳಿದೆ. ತಿರುಗಿ ನೋಡಿದರೆ ಬಸ್ಸಿನ ಹೆಂಗಸರೆಲ್ಲ ಒಬ್ಬರ ಹಿಂದೊಬ್ಬರು ಇಳಿದು ಬರುತ್ತಿದ್ದರು.